ಎರಡೆಳೆ ಟೋಪಿ

— ಇದೇನು ಮೌಶಿ, ಟೋಪಿನಾ ಹೂಕೋಸಾ?

— ನಗು, ನಗು. ನೀ ಕಳಿಸಿದ ಕಾಗದದಾಗ ಹೆಂಗ ಬರದಾರೋ ಹಂಗ ಹೆಣದೀನಿ. ನಡುವಿನ ಸುತ್ತಿಗೆ 12 ಖಾಂಬ, ಎರಡನೇದಕ್ಕ 24, ಮೂರನೇದಕ್ಕ 36. ಎಲ್ಲೆರೆ ತಪ್ಪಿದ್ರ ಹೇಳು, ಈ ಕಡ್ಡಿ ನಿನ್ನ ಕೈಯಾಗ ಕೊಟ್ಟು ಜಪಾ ಮಾಡ್ಕೋತ ಕೂಡತೇನಿ.

— ಎಣಿಸಿದೆ. ಆರನೇ ಸುತ್ತಿಗೆ 72, ಸರಿಯಾಗೇ ಇದೆ. ಆದ್ರೆ ಇದೇ ಲೆಕ್ಕದಲ್ಲಿ ನಾನು ಹಾಕಿದಾಗ ತಟ್ಟೆ ಥರ ಚಪ್ಪಟೆಯಾಗಿ ಬಂತು. ನಿನ್ನದು ಅಂಚೆಲ್ಲ ನಿರಿಗೆ ನಿರಿಗೆ.

— ಅದನ್ನ ನಾ ನಿನಗ ಕೇಳಬೇಕಂತ ಕೂತೀನಿ. ಎರಡು ದಿವಸಾತು, ಟೇಬಲ್ ಮ್ಯಾಲ ಕೂತು ನನ್ನ ಅಣಗಸಲಿಕ್ಕೆ ಹತ್ತೇದ. ನಲವತ್ತು ವರ್ಷ ಕ್ರೋಶಾ ಹಾಕೀನಿ. ಬಾಗಲಿಗೆ ತೋರಣ ಹಾಕೀನಿ, ಟೀವಿ ಮ್ಯಾಲ ಹೊಚ್ಚೂ ಮುಸುಕು ಹಾಕೀನಿ, ಓಣಿಯಾಗ ಹುಟ್ಟಿದ ಕೂಸುಗೋಳಿಗೆಲ್ಲಾ ಕುಲಾವಿ ಹಾಕಿ ಕೊಟ್ಟೀನಿ. ಹಿಂಗ ಎಂದೂ ಆಗಿದ್ದಿಲ್ಲ.

— ಖಾಂಬ ಯಾವುದು ಹಾಕಿದೆ?

— ಅದರಾಗ ಡಬಲ್ ಕ್ರೋಶಾ ಅಂತ ಬರದದ. ನಾನೂ ಡಬಲ್ ಕ್ರೋಶಾನ ಹಾಕೀನಿ.

— ಎಲ್ಲಿ, ಒಂದು ಹಾಕಿ ತೋರಿಸು. ಹಾಂ, ಸಿಕ್ಕಿತು! ಕಡ್ಡಿ ಒಳಗೆ ಹಾಕೋ ಮೊದಲು ಉಲ್ಲನ್ನನ್ನ ಅದಕ್ಕೆ ಒಂದು ಸಲ ಸುತ್ತಿಕೊಳ್ಳಲೇ ಇಲ್ಲ ನೀನು. ಆ ಕಾಗದ ಅಮೆರಿಕದವರು ಬರೆದದ್ದು. ಅವರು ಡಬಲ್ ಅನ್ನೋದು ನಿನ್ನ ಟ್ರೆಬಲ್‌ಗೆ. ನಿನ್ನ ಡಬಲ್‌ಗೆ ಅವರು ಸಿಂಗಲ್ ಅಂತಾರೆ.

— ಅಂದ್ರ ನಾ ಗಿಡ್ಡ ಖಾಂಬ ಹಾಕೀನಿ, ಎತ್ತರದ್ದು ಹಾಕಬೇಕಾಗಿತ್ತು. ಕಾನ್ವೆಂಟಿನಾಗ ಸಿಸ್ಟರು ಬೆರಳಿಗೆ ಪಟ್ಟಿಲೆ ಬಡದು ಕಲಿಸಿದ್ದು ಸುಳ್ಳೇನು ಹಂಗಾದ್ರ?

— ಸುಳ್ಳಲ್ಲ. ಅವರು ಕಲಿಸಿದ್ದು ಇಂಗ್ಲೆಂಡಿನವರ ಹೆಸರು. ನೀನು ಶೇಂಗಾ ಚಟ್ನಿ ಅಂದ್ರೆ ಪುಡಿ ಕೊಡ್ತೀಯ. ನಮ್ಮ ಬೆಂಗಳೂರಿನವರಿಗೆ ಚಟ್ನಿ ಅಂದ್ರೆ ಇಡ್ಲಿ ಮುಳುಗಿಸೋದು. ಇದೂ ಹಾಗೇ.

— ಆತು, ಒಪ್ಪಿದೆ. ಆದ್ರ ಗಿಡ್ಡ ಖಾಂಬ ಹಾಕಿದ್ರ ಟೋಪಿ ಸಣ್ಣದಾಗಬೇಕು. ನಿರಿಗಿ ಯಾಕ ಬೀಳಬೇಕು?

— ಶಾಲೆಯ ವೃತ್ತದ ಲೆಕ್ಕ ನೆನಪಿದೆಯಾ? ನಡುವಿನಿಂದ ಅಂಚಿಗೆ ಇರೋ ದೂರ ಎಷ್ಟೋ, ಸುತ್ತಳತೆ ಅದರ ಆರು ಪಟ್ಟು, ಮೇಲೆ ಚೂರು. ಸರಿಯಾಗಿ ಹೇಳೋದಾದ್ರೆ 6.28. ಪ್ರತಿ ಸುತ್ತಿಗೂ ಆ ದೂರ ಒಂದು ಖಾಂಬದ ಎತ್ತರದಷ್ಟು ಹೆಚ್ಚುತ್ತೆ. ಗಿಡ್ಡ ಖಾಂಬದ ಎತ್ತರ, ಅಗಲ ಹೆಚ್ಚುಕಡಿಮೆ ಒಂದೇ. ಅದಕ್ಕೆ ಸುತ್ತಿಗೆ 6 ಹೆಚ್ಚಿಸಿದ್ರೆ ಚಪ್ಪಟೆ ಕೂರುತ್ತೆ. ಎತ್ತರದ್ದು ಅದರ ಸುಮಾರು ಎರಡರಷ್ಟು, ಹಾಗಾಗಿ ಅದಕ್ಕೆ 12. ನೀನು ಹಾಕಿದ್ದು ಗಿಡ್ಡದ್ದು, ಹೆಚ್ಚಿಸಿದ್ದು ಎತ್ತರದ್ದರ ಲೆಕ್ಕದಲ್ಲಿ.

— ಅಂದ್ರ ಪಂಕ್ತಿಯೊಳಗ ಜಾಗಾ ಇದ್ದದ್ದು ಆರು ಮಂದಿಗೆ, ನಾ ಹನ್ನೆರಡು ಎಲಿ ಹಾಕೀನಿ.

— ಅವರು ಒಬ್ಬರು ಮುಂದೆ ಬಾಗಿ, ಇನ್ನೊಬ್ಬರು ಹಿಂದೆ ಸರಿದು ಹೇಗೋ ಕೂತಿದ್ದಾರೆ. ಅದೇ ಈ ನಿರಿಗೆ.

— ಬಡಸಲಿಕ್ಕೆ ನಿಂತವರಿಗೆ ಗೊತ್ತು ಆ ಫಜೀತಿ. ಮತ್ತ ಕಡಿಮಿ ಹೆಚ್ಚಿಸಿದ್ರ?

— ಬಟ್ಟಲಾಗುತ್ತೆ. ಅಂಚು ಬೆಳೆಯೋಕೆ ಬಟ್ಟೆ ಸಾಲದೆ ಒಳಕ್ಕೆ ಎಳೆದುಕೊಳ್ಳುತ್ತೆ. ಟೋಪಿ ಆಗೋದೇ ಹಾಗೆ. ಮೊದಲು ಚಪ್ಪಟೆ, ಆಮೇಲೆ ಹೆಚ್ಚಿಸೋದನ್ನ ನಿಲ್ಲಿಸಿದ್ರೆ ಗೋಡೆ ತಾನಾಗಿ ಕೆಳಗಿಳಿಯುತ್ತೆ. ಅಂದಹಾಗೆ ನಿನ್ನ ಹೂಕೋಸನ್ನ ಹಗುರಾಗಿ ನೋಡಬೇಡ ಮೌಶಿ. ಗಣಿತದಲ್ಲಿ ಅದಕ್ಕೊಂದು ಹತ್ತಿರದ ನೆಂಟ ಇದೆ, ಹೈಪರ್ಬೋಲಿಕ್ ಮೇಲ್ಮೈ ಅಂತ ದೊಡ್ಡ ಹೆಸರು. ಪುಸ್ತಕದಲ್ಲಿ ಓದಬಹುದು, ಕೈಯಲ್ಲಿ ಹಿಡಿಯೋದು ಕಷ್ಟ. ಕಾಗದದಲ್ಲಿ ಅಂಟಿಸಿ ಮಾಡ್ತಿದ್ದ ಮಾದರಿಗಳು ಬೇಗ ಹರಿದು ಹೋಗ್ತಿದ್ದವು. ಡೈನಾ ಟೈಮಿನಾ ಅಂತ, ಲಾಟ್ವಿಯಾದವರು, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತ ಹೇಳಿಕೊಡ್ತಿದ್ದರು. 1997ರಲ್ಲಿ ಅವರು ಕ್ರೋಶಾ ಕಡ್ಡಿ ತಗೊಂಡು ಅಂಥ ಮೇಲ್ಮೈಯನ್ನೇ ಹೆಣೆದರು. ವಿದ್ಯಾರ್ಥಿಗಳು ಅದನ್ನ ಮಡಚಿ, ಮೇಲೆ ಗೆರೆ ಹೊಲಿದು, ಸಮಾಂತರ ರೇಖೆಗಳು ಅಲ್ಲಿ ಹೇಗೆ ದೂರ ದೂರ ಸರೀತಾವೆ ಅಂತ ಕಣ್ಣಾರೆ ನೋಡಿದರು. 2009ರಲ್ಲಿ ಆ ಬಗ್ಗೆ ಪುಸ್ತಕನೂ ಬಂತು. ವರ್ಷದ ಅತಿ ವಿಚಿತ್ರ ಹೆಸರಿನ ಪುಸ್ತಕ ಅಂತ ಬಹುಮಾನ ಕೊಟ್ಟರು. ಆಮೇಲೆ ಗಣಿತದವರೂ ಬಹುಮಾನ ಕೊಟ್ಟರು.

— ಆಕಿ ಬೇಕಂತ ಮಾಡಿ ಬಹುಮಾನ ತಗೊಂಡ್ಲು, ನಾ ಬ್ಯಾಡಂದ್ರೂ ಮಾಡಿ ನಿನ್ನ ಕಡೆ ನಗಿಸ್ಕೊಂಡೆ. ಇರಲಿ. ಹೊಸಾದು ಸುರು ಮಾಡಿ ಆಗೇದ, ನೋಡಿಲ್ಲಿ. ನನ್ನ ಗಿಡ್ಡ ಖಾಂಬದ್ದ. ಸುತ್ತಿಗೆ ಆರಾರು. 14ನೇ ಸುತ್ತಿಗೆ ಎಷ್ಟಾತು?

— 84. ತಲೆ ಅಳತೆ ತಗೊಂಡಿದ್ದೀಯಾ?

— ನಿನ್ನೆ ನೀ ಮಲಗಿದಾಗ ಟೇಪು ಹಿಡದೆ. 56 ಸೆಂಟಿಮೀಟರ್. ಟೋಪಿ ಅದಕ್ಕಿಂತ ಮೂರು ಕಡಿಮಿ ಇರಬೇಕು. ಉಲ್ಲನ್ ಹಿಗ್ಗತದ, ತಲಿ ಹಿಗ್ಗೂದಿಲ್ಲ. ಸರೀ ಅಳತಿಗೆ ಮಾಡಿದ್ರ ಎರಡು ವಾರಕ್ಕ ಕಣ್ಣಿನ ಮ್ಯಾಲ ಇಳೀತದ. ನೆತ್ತಿಯ ಈ ಬಿಲ್ಲಿ 17 ಸೆಂಟಿಮೀಟರ್ ಬಂತು, ಅಲ್ಲಿಗೆ ಹೆಚ್ಚಿಸೂದು ಬಂದ್. ಇನ್ನ 84ಕ್ಕ 84, ಕಿವಿ ಮುಚ್ಚೂತನಕ.

— ಟೇಪೆಲ್ಲ ಯಾವಾಗಿಂದ? ಕುಲಾವಿಗೆ ಅಂಗೈ ಅಗಲ ಅಂತಿದ್ದೆ.

— ಕೂಸಿನ ತಲಿ ಕೈಯಾಗ ಹಿಡೀಲಿಕ್ಕೆ ಬರ್ತದ. ನಿಂದು ಬರ್ತದೇನು?

— ಸರಿ, ಈ ಎರಡನೇ ಬಣ್ಣ ಯಾಕೆ? ಚಿತ್ತಾರ ಗಿತ್ತಾರ ಬೇಡ ಮೌಶಿ, ಬೆಚ್ಚಗಿದ್ರೆ ಸಾಕು. ಕೆನಡಾದಲ್ಲಿ ನಾನಿರೋ ಎಡ್ಮಂಟನ್‌ನಲ್ಲಿ ಚಳಿಗಾಲ ಅಂದ್ರೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗೋ ದಿನಗಳಿರುತ್ತವೆ. ಉಸಿರು ಎಳೆದ್ರೆ ಮೂಗಿನೊಳಗೆ ಹೆಪ್ಪುಗಟ್ಟಿದ ಹಾಗಾಗುತ್ತೆ. ಅಲ್ಲಿ ಟೋಪಿ ಮೇಲಿನ ಹೂವು ಯಾರು ನೋಡ್ತಾರೆ?

— ಚಿತ್ತಾರ ಬ್ಯಾಡಂದ್ರ ಬೆಚ್ಚಗ ಹೆಂಗಾಗ್ತದ?

— ಅಂದ್ರೆ?

— ಏಳು, ಕಿಡಕಿ ಹತ್ರ ಬಾ. ಇವೆರಡು ತುಂಡು ಹಿಡಿ. ಉಲ್ಲನ್ ಒಂದ, ಕಡ್ಡಿ ಒಂದ, ಕೈ ಒಂದ. ಮೊದಲ ಈ ಸಾದಾದ್ದು ಬಿಸಲಿಗೆ ಹಿಡಿ. ಏನ ಕಾಣ್ತದ?

— ಖಾಂಬ ಖಾಂಬದ ನಡುವೆ ಬೆಳಕು. ಸಾಸಿವೆ ಕಾಳಿನಷ್ಟು ತೂತು, ಸಾಲು ಸಾಲಾಗಿ.

— ಈಗ ಇನ್ನೊಂದು ಹಿಡಿ.

— ಬೆಳಕೇ ಬರ್ತಿಲ್ಲ. ಕಂಬಳಿ ಥರ ಇದೆ.

— ಅದs ನೋಡು. ಕ್ರೋಶಾದ ಜಾತಿನ ಜಾಳು. ನಮಾಜಿಗೆ ಹಾಕ್ಕೊಳ್ಳೂ ಬಿಳೀ ಜಾಳಗಿ ಟೋಪಿ ಕೈಲೆ ಹಾಕಿದ್ದು ನೋಡೀಯಲ್ಲ, ಹತ್ತೀ ದಾರದ್ದು, ಬ್ಯಾಸಗಿಯೊಳಗೂ ತಲಿಗೆ ಗಾಳಿ ಆಡತದ. ಅದೂ ಇದ ಕಡ್ಡಿ ಕೆಲಸ. ಹೆಂಗಸರು ಕಡ್ಡಿ ಹಿಡಿದ್ರ ಬೆಚ್ಚಗಿನದ ಹೊರಬೀಳ್ತದ ಅಂತ ಏನಿಲ್ಲ. ಆದ್ರ ಎರಡು ಬಣ್ಣ ತಗೊಂಡ್ರ ಏನಾಗ್ತದ? ಕರೀದು ಹೆಣಿಯೂ ಹೊತ್ತಿಗೆ ಬಿಳೀದು ಎಲ್ಲಿ ಹೋಗಬೇಕು? ಕಡದು ಒಗೀಲಿಕ್ಕೆ ಬರೂದಿಲ್ಲ, ನಾಕು ಖಾಂಬ ಆದ ಮ್ಯಾಲ ಮತ್ತ ಬೇಕು. ಅದಕ್ಕ ಅದನ್ನ ಕೆಳಗಿನ ಸುತ್ತಿನ ತಲಿ ಮ್ಯಾಲ ಮಲಗಿಸಿ, ಕರೀದರ ಖಾಂಬದ ಹೊಟ್ಟ್ಯಾಗ ಹಾಕ್ಕೊಂಡು ಹೋಗೂದು. ಬಿಳೀದರ ಪಾಳಿ ಬಂತಂದ್ರ ಕರೀದು ಹೊಟ್ಟ್ಯಾಗ. ಹೊರಗ ಒಂದು ಎಳಿ ಕಾಣ್ತದ, ಒಳಗ ಇನ್ನೊಂದು ಇದ್ದ ಇರ್ತದ. ತೂತು ಮುಚ್ಚೂದು ಆ ಒಳಗಿನ ಎಳಿ.

— ಅಂದ್ರೆ ಚಿತ್ತಾರ ಅನ್ನೋದು ಎರಡನೇ ಎಳೆ ಜೊತೆಗೆ ಬರೋಕೆ ಒಂದು ನೆಪ.

— ನೆಪ ಅಂತೀಯೋ, ಸಂಬಳ ಅಂತೀಯೋ. ಬೆಚ್ಚಗ ಇಡೂ ಎಳಿಗೆ ಅಲ್ಲೊಮ್ಮೆ ಇಲ್ಲೊಮ್ಮೆ ಹೊರಗ ಬಂದು ಮುಖಾ ತೋರಸಲಿಕ್ಕೆ ಕೊಡೂದು.

— ಚೆನ್ನಾಗಿ ಹೇಳಿದೆ. ನಾರ್ವೆಯವರ ಕೈಚೀಲ... ಅಲ್ಲ, ಕೈಗವಸಿನ ಕಥೆಯೂ ಇದೇ. ಅವರು ಎರಡು ಸೂಜಿಯ ಹೆಣಿಗೆಯವರು. ಸೆಲ್ಬು ಅನ್ನೋ ಊರಲ್ಲಿ 1857ರಲ್ಲಿ ಒಬ್ಬ ಹುಡುಗಿ ಕಪ್ಪು ಬಿಳುಪಿನಲ್ಲಿ ಎಂಟು ದಳದ ಚಿಕ್ಕೆ ಹಾಕಿ ಕೈಗವಸು ಹೆಣೆದು ಚರ್ಚಿಗೆ ಹಾಕ್ಕೊಂಡು ಹೋದಳಂತೆ. ಊರಿಗೆ ಊರೇ ಅದನ್ನ ಹಿಡೀತು. ಅಲ್ಲೂ ಕೆಲಸವಿಲ್ಲದ ಎಳೆ ಹಿಂದೆ ಹಾಯುತ್ತೆ, ಅದರಿಂದ ಬಟ್ಟೆ ದಪ್ಪ. ಅವರದ್ದು ಹಿಂಬದಿಯಲ್ಲಿ ಜೋತು ಬಿದ್ದಿರುತ್ತೆ, ಉಂಗುರ ಹಾಕಿದ ಬೆರಳು ಸಿಕ್ಕಿಕೊಳ್ಳುತ್ತೆ. ನಿನ್ನದು ಒಳಗೇ ಅಡಗಿದೆ.

— ಕಪ್ಪು ಬಿಳುಪಿನ ಚಿಕ್ಕಿ ನಾರ್ವೆಕ್ಕ ಹೋಗಿ ಯಾಕ ನೋಡಬೇಕು? ನಿನ್ನ ಅಜ್ಜಿಯ ಚಂದ್ರಕಾಳಿ ಸೀರಿ ಟ್ರಂಕಿನಾಗ ಅದ. ಕರೀ ನೆಲ, ಮ್ಯಾಲ ಕಸೂತಿ. ಕಸೂತಿಯವರು ಬಟ್ಟಿ ಮ್ಯಾಲ ಪೆನ್ಸಿಲ್ಲಿಲೆ ಬರಕೊಳ್ಳೂದಿಲ್ಲ, ಎಳಿ ಎಣಿಸೇ ಹೊಲೀತಾರ. ಎಣಿಸಿ ಮಾಡಿದ್ದು ಯಾವುದರೆ ಆಗಲಿ ಚೌಕದ ಹಾಳಿ ಮ್ಯಾಲ ಇಳೀತದ, ಹಾಳಿ ಮ್ಯಾಲ ಇಳಿದದ್ದು ಟೋಪಿ ಮ್ಯಾಲ ಏರ್ತದ. ಗಿಡ್ಡ ಖಾಂಬಂದ್ರ ಒಂದು ಚೌಕ ಅಷ್ಟ. 11 ಖಾಂಬದ ಚಿಕ್ಕಿ, ಒಂದು ಖಾಂಬ ಖಾಲಿ, 12 ಆತು. 84ರಾಗ ಏಳು ಚಿಕ್ಕಿ ಕೂಡತಾವ. ಶೇಷ ಸೊನ್ನಿ.

— ಗೋಪುರ ಹಾಕಬಹುದಿತ್ತು. ತೇರು, ಆನೆ... ಕಸೂತಿ ಅಂದ್ರೆ ಅವೇ ಅಲ್ಲವಾ?

— ಮೊದಲ ಗೋಪುರಾನ ಹಾಕಿದೆ. ಬಿಚ್ಚಿದೆ.

— ಯಾಕೆ?

— ವಾಲಿತು. ಸುತ್ತಗಟ್ಟಿ ಹೆಣಿಯೂ ಮುಂದ ಖಾಂಬ ಸರಿಯಾಗಿ ಕೆಳಗಿನದರ ನೆತ್ತಿ ಮ್ಯಾಲ ಕೂಡೂದಿಲ್ಲ, ಕೂದಲೆಳಿಯಷ್ಟು ಬಲಕ್ಕ ಸರೀತದ. ಒಂದೆರಡು ಸುತ್ತಿನಾಗ ಗೊತ್ತಾಗೂದಿಲ್ಲ. ಹದಿನೈದು ಸುತ್ತು ಆಗೂದ್ರಾಗ ಗೋಪುರ ಬಲಕ್ಕ ಬಾಗಿ ನಿಂತಿತು. ಆನಿ ಹಾಕಿದ್ರ ಕುಡದು ಬಂದಂಗ ಕಾಣ್ತಿತ್ತು. ಎಡಚರು ಹಾಕಿದ್ರ ಎಡಕ್ಕ ವಾಲ್ತದಂತ, ಅದನ್ನೊಂದು ನೋಡೀನಿ ನಿನ್ನ ತಮ್ಮನ ಹೇಣತಿ ಕೈಯಾಗ.

— ಖಾಂಬದ ತಲೆಗೆ ಚುಚ್ಚದೆ ಅದರ ಕಾಲುಗಳ ಸಂದಿಗೇ ಚುಚ್ಚಿದ್ರೆ ನೆಟ್ಟಗೆ ಬರುತ್ತೆ. ನಾನು ಒಂದು ಸಲ ಮಾಡಿದ್ದೆ, ನೋಡೋಕೆ ಎರಡು ಸೂಜಿಯ ಹೆಣಿಗೆ ಥರಾನೇ ಇತ್ತು.

— ನಾನೂ ಮಾಡಿ ನೋಡಿದೆ. ಮೂರು ಸುತ್ತಿಗೆ ಮಣಿಕಟ್ಟು ಹಿಡಕೊಂಡಿತು. ಅಂಥಾ ಬಿಗಿ ಹೆಣಿಗಿ ವಯಸ್ಸಿನವರಿಗಿರಲಿ. ಚಿಕ್ಕಿಗೆ ಒಂದು ಅನುಕೂಲ ಅದ. ಅದು ವಾಲಿದ್ರೂ ಚಿಕ್ಕಿನ. ಆಕಾಶದಾಗ ಯಾವ ಚಿಕ್ಕಿ ನೆಟ್ಟಗ ನಿಂತದ?

— ಬಣ್ಣ ಬದಲಾಯಿಸೋ ಜಾಗ ಮಾತ್ರ ನನಗೆ ಯಾವತ್ತೂ ಕೈ ಕೊಡುತ್ತೆ. ಬಿಳಿಯ ಪಕ್ಕದಲ್ಲಿ ಕಪ್ಪು ಚುಕ್ಕೆ ಉಳಿದುಬಿಡುತ್ತೆ.

— ತಡಾ ಮಾಡ್ತಿ ನೀ. ಬಿಳೀ ಖಾಂಬ ಸುರು ಆದ ಮ್ಯಾಲ ಬಿಳೀದು ತಗೊಂಡ್ರ ಹೊತ್ತು ಮೀರಿರ್ತದ. ಅದರ ಹಿಂದಿನ ಕರೀ ಖಾಂಬ ಅದ ಅಲ್ಲ, ಅದರ ಕಡೀ ಎಳತ ಬಿಳೀದರಿಂದ ಎಳೀಬೇಕು. ಖಾಂಬದ ತಲಿ ಯಾವಾಗಲೂ ಮುಂದಿನವರದ್ದು. ನೋಡು: ಕಡ್ಡಿ ಹಾಕಿದೆ, ಕರೀದು ಎಳದೆ, ಕಡ್ಡಿ ಮ್ಯಾಲ ಎರಡು ಕುಣಿಕಿ. ಈಗ ಕರೀದು ಬಿಟ್ಟೆ, ಬಿಳೀದು ಹಿಡದೆ, ಎರಡರೊಳಗಿಂದನೂ ತಗದೆ. ಹೊಟ್ಟ್ಯಾಗಿನ ಎಳಿ ಭಾಳ ಜಗ್ಗಬ್ಯಾಡ, ಟೋಪಿ ಮುದುಡ್ತದ. ಸಡ್ಲ ಬಿಟ್ರ ಸಂದ್ಯಾಗಿಂದ ಹಣಿಕಿ ಹಾಕ್ತದ. ಪ್ರತೀ ಸುತ್ತು ಮುಗದ ಮ್ಯಾಲ ಟೋಪಿನ ಒಮ್ಮೆ ಎರಡೂ ಕೈಲೆ ಹಿಗ್ಗಿಸಿ ಬಿಡು, ಎಳಿ ತನ್ನ ಜಾಗಾ ತಾನ ಹಿಡೀತದ.

— ಕೊಲಂಬಿಯಾದ ವಾಯೂ ಹೆಂಗಸರು ಹೆಗಲ ಚೀಲಗಳನ್ನ ಹೀಗೇ ಹೆಣೀತಾರೆ. ತುಂಬಿಸದೇ ಇದ್ರೂ ಚೀಲ ನೆಟ್ಟಗೆ ನಿಲ್ಲುತ್ತೆ.

— ಚೀಲಾ ನಿಂತ್ರ ಛಲೋ. ಟೋಪಿ ನಿಂತ್ರ ಬೋಗುಣಿ. ಅದಕ್ಕ ನಾ ಅರ್ಧ ನಂಬರು ದೊಡ್ಡ ಕಡ್ಡಿ ತಗೊಂಡೀನಿ.

— ಉಲ್ಲನ್ ಕುರಿಯದ್ದೇ ತಂದಿದ್ದೀನಿ, ಅಕ್ರಿಲಿಕ್ ಅಲ್ಲ. ಮೂರು ಪಟ್ಟು ಬೆಲೆ.

— ಕೈಗೆ ಗೊತ್ತಾತು. ಅಕ್ರಿಲಿಕ್ ಕೂಸುಗೋಳಿಗೆ ಛಲೋ, ದಿನಾ ಒಕ್ಕೊಂಡು ಹಾಕಬೇಕಲ್ಲ. ನಿನಗ ಬ್ಯಾಡ. ಬಸ್ಸಿಗೆ ಓಡಿ ತಲಿ ಬೆವತ್ರ ಅದು ಹಸೀ ಹಸೀ ಆಗಿ ತಣ್ಣಗ ಹತ್ತತದ.

— ಹೌದು, ಕುರಿ ಉಣ್ಣೆ ತನ್ನ ತೂಕದ ಸುಮಾರು 30ರಷ್ಟು ಪಾಲು ತೇವ ಒಳಗೆ ಎಳಕೊಂಡ್ರೂ ಮುಟ್ಟಿದ್ರೆ ಹಸಿ ಅನ್ನಿಸಲ್ಲವಂತೆ. ನೂರಕ್ಕೆ ಮೂವತ್ತು. ಹಾಗಾದ್ರೆ ನಮ್ಮ ದಖ್ಖನಿ ಕುರಿ ಉಣ್ಣೆಯಲ್ಲೇ ಯಾಕೆ ಹಾಕಬಾರದು? ಕಂಬಳಿ ಹೊದ್ದವರು ಮಳೆಗೂ ಬಗ್ಗಲ್ಲ. ಮಲೆನಾಡಲ್ಲಿ ಅದನ್ನೇ ಕೊಪ್ಪೆ ಮಾಡಿ ತಲೆ ಮೇಲೆ ಹಾಕ್ಕೊಂಡು ನಾಟಿಗೆ ಇಳೀತಿದ್ದರು.

— ಕೊಪ್ಪಿ ಹಣಿಗೆ ಒತ್ತಿ ಹಿಡಿಯೂದಿಲ್ಲ, ಟೋಪಿ ಹಿಡೀತದ. ಆ ಉಣ್ಣಿ ಒರಟು. ಹಣಿ ಕೆರಕೋತ ಆಫೀಸಿಗೆ ಹೋಗ್ತೀಯೇನು? ನಿನ್ನ ಅಜ್ಜಿ ಏನಂತಿದ್ಲು ನೆನಪದ? ಮೈ ಶಾಖ ಎಲ್ಲಾ ನೆತ್ತಿಯಿಂದನ ಹೋಗ್ತದ, ತಲಿ ಮುಚ್ಚು ಅಂತ.

— ಅದನ್ನ ಬಹಳ ದೇಶದ ಅಜ್ಜಿಯರು ಹೇಳ್ತಾರೆ. ಅರ್ಧ ಶಾಖ ತಲೆಯಿಂದಲೇ ಹೋಗುತ್ತೆ ಅನ್ನೋದು ಸುಳ್ಳು ಅಂತ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು. ತಲೆ ಮೈಯ ಹತ್ತನೇ ಒಂದು ಪಾಲು, ಹೋಗೋ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಉಳಿದ ಮೈ ಮುಚ್ಚಿ ತಲೆಯೊಂದನ್ನೇ ಬಿಟ್ಟಾಗ ಹಾಗನ್ನಿಸುತ್ತೆ.

— ಆತವಾ. ಬರದವರು ಕಿವಿ ಬಿಟ್ಟುಕೊಂಡು ಎಡ್ಮಂಟನ್‌ಗೆ ಹೋಗಿ ಬರಲಿ.

— ಕಿವಿ ಬಗ್ಗೆ ಅವರೇನೂ ಹೇಳಿಲ್ಲ ಬಿಡು. ಅಲ್ಲಿ ಮಾಲ್‌ನಲ್ಲಿ ಇಂಥ ಟೋಪಿ ರಾಶಿ ಹಾಕಿರ್ತಾರೆ. ಎರಡು ಕಾಫಿ ದುಡ್ಡಿಗೆ ಒಂದು. ಮಿಷನ್ನಿನದು ಇರಬೇಕು.

— ಕ್ರೋಶಾನs ಅವು? ನೋಡೀಯೇನು ಸರಿಯಾಗಿ?

— ಕೆಲವು ಕ್ರೋಶಾನೇ. ಖಾಂಬ ಎಣಿಸೋಕೆ ಬರ್ತಿತ್ತು.

— ಹಂಗಾದ್ರ ಮಿಷನ್ನಿನದಲ್ಲ. ಸ್ವೆಟರ್ ಹಾಕೂ ಮಿಷನ್ ಇದ್ದಾವ, ಕ್ರೋಶಾದ್ದಿಲ್ಲ.

— ನಿಜ, ಇದನ್ನ ನಾನೂ ಓದಿದ್ದೆ, ಟೋಪಿ ಕೊಳ್ಳೋವಾಗ ಮರೆತೆ. ಎರಡು ಸೂಜಿ ಹೆಣಿಗೆಗೆ ಇಂಗ್ಲೆಂಡಿನಲ್ಲಿ ವಿಲಿಯಂ ಲೀ 1589ರಲ್ಲೇ ಯಂತ್ರ ಮಾಡಿದ. ಅಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಸಾಲಾಗಿ ಸೂಜಿಗಳ ಮೇಲೆ ಕಾದು ನಿಂತಿರುತ್ತವೆ. ಯಂತ್ರಕ್ಕೆ ಅದು ಸಲೀಸು. ಕ್ರೋಶಾದಲ್ಲಿ ಒಂದೊಂದೇ ಖಾಂಬ, ಅದನ್ನ ಮುಗಿಸಿಯೇ ಮುಂದಿನದು. ಕಡ್ಡಿ ಎಲ್ಲಿ ಬೇಕಾದ್ರೂ ಚುಚ್ಚಬಹುದು, ಯಾವ ದಿಕ್ಕಿಗೆ ಬೇಕಾದ್ರೂ ತಿರುಗಬಹುದು. ಇವತ್ತಿಗೂ ಕಾರ್ಖಾನೆಯಲ್ಲಿ ಅದನ್ನ ಹೆಣೆಯೋ ಯಂತ್ರ ನಡೀತಿಲ್ಲ. ಕ್ರೋಶಾ ಥರ ಕಾಣೋ ಜಾಳಿಗೆ ಬಟ್ಟೆ ಯಂತ್ರದಲ್ಲಿ ಬರುತ್ತೆ, ಅದು ಬೇರೆ ಹೆಣಿಗೆ.

— ಮತ್ತ ಎರಡು ಕಾಫಿ ರೊಕ್ಕದಾಗ ಟೋಪಿ ಹೆಂಗ ಬಂತು? ನನಗ ಇದಕ್ಕ ನಾಕು ಸಂಜಿ ಬೇಕು. ಅಂಗಡಿಯಾವ ತನ್ನ ಪಾಲು ಇಟ್ಕೊಂಡ, ಹಡಗಿನವ ತನ್ನದು ತಗೊಂಡ, ಉಲ್ಲನ್‌ಗೆ ಅಷ್ಟು ಹೋತು. ಉಳದದ್ದರಾಗ ಕೈಗೆ ಏನ ಬಂತು?

— ಆಂಧ್ರದ ನರಸಾಪುರದ ಲೇಸ್ ನಿನಗೆ ಗೊತ್ತಲ್ಲ.

— ಗೊತ್ತಿಲ್ಲದ ಏನು, ನಮ್ಮ ಟೇಬಲ್ ಮ್ಯಾಲಿನದೂ ಅಲ್ಲಿಂದ ಬಂದದ್ದ.

— ಗೋದಾವರಿ ಸೀಮೆಯಲ್ಲಿ ಆ ಕೆಲಸ ಶುರುವಾಗಿದ್ದು 1844ರ ಹೊತ್ತಿಗೆ, ಪಾದ್ರಿಗಳಿಂದ. ಮರಿಯಾ ಮೀಸ್ ಅನ್ನೋ ಜರ್ಮನ್ ಸಮಾಜಶಾಸ್ತ್ರಜ್ಞೆ ಆ ಹೆಂಗಸರ ಬಗ್ಗೆ 1982ರಲ್ಲಿ ಪುಸ್ತಕ ಬರೆದರು. ಅಲ್ಲಿನ ಲೇಸು ಹೊರದೇಶಗಳಿಗೆಲ್ಲ ಹೋಗುತ್ತೆ, ವ್ಯಾಪಾರಿಗಳು ಬೆಳೀತಾರೆ. ಹೆಣೆದವಳನ್ನ ಕೆಲಸಗಾರ್ತಿ ಅಂತಲೇ ಯಾರೂ ಎಣಿಸಲ್ಲ. ಅವಳು ಗೃಹಿಣಿ, ಹೊತ್ತು ಹೋಗಲಿ ಅಂತ ಮಾಡ್ತಾಳೆ ಅನ್ನೋ ಲೆಕ್ಕದಲ್ಲೇ ಕೂಲಿ.

— ಹೊತ್ತು ಹೋಗ್ಲಿಕ್ಕೆ! ನನಗೂ ಹಂಗ ಅಂತಾರ. ಬೀಗರು ಬಂದಾಗ ಟೇಬಲ್ ಮ್ಯಾಲಿನದು ಎತ್ತಿ ನೋಡಿ, 'ಭಾಳ ಪುರಸೊತ್ತು ಬಿಡ್ರಿ ನಿಮಗ' ಅಂತಾರ. ಪುರಸೊತ್ತು ಇದ್ದಿದ್ರ ನಾ ಮಲಗತಿದ್ದೆ. ಅವರ ಮಗಳ ಕೂಸಿಗೂ ಕುಲಾವಿ ಹಾಕಿ ಕೊಟ್ಟೀನಿ, ಅದು ಬ್ಯಾರೆ ಮಾತು.

— ಹಾಗಾದ್ರೆ ಈ ಟೋಪಿಗೆ ಎಷ್ಟು ಕೊಡಲಿ?

— ಬಾಯಿ ಮುಚ್ಚು. ನೀ ಅಲ್ಲಿ ಹೋದ ಮ್ಯಾಲ ಒಂದು ಕೆಲಸ ಮಾಡು. ಅಂಥಾ ಟೋಪಿ ಕಂಡ್ರ ಅಗ್ಗಾತು ಅಂತ ಎರಡು ತಗೊಂಡು ಬರಬ್ಯಾಡ. ಯಾರು ಹಾಕ್ಯಾರ, ಏನ ಕೊಟ್ಟೀರಿ ಅಂತ ಅಂಗಡಿಯಾವನ್ನ ಕೇಳು. ಹೇಳಲಿಕ್ಕೆ ಬರದಿದ್ರ ಅಲ್ಲೇ ಇಟ್ಟು ಬಾ.

— ಕೇಳ್ತೀನಿ. ಈಗ ಇದು ಕಿವಿ ತನಕ ಬರೋಕೆ ಇನ್ನೆಷ್ಟು ಸುತ್ತು?

— ಗೋಡಿ 22 ಸುತ್ತು ಬೇಕು, 15 ಆಗ್ಯಾವ. ಚಿಕ್ಕಿ ಮುಗದಾವ, ಇನ್ನ ಕಿವಿಯ ಪಟ್ಟಿ. ಅಲ್ಲೂ ಬಿಳೀದು ಹೊಟ್ಟ್ಯಾಗ ಹಾಕ್ಕೊಂಡ ಹೋಗೂದು, ಕಿವಿ ಮ್ಯಾಲ ತೆಳ್ಳಗ ಆಗಬಾರದು. ಆದ್ರ ಕರೀ ಉಂಡಿ ನೋಡು, ನಿಂಬಿಕಾಯಿಯಷ್ಟು ಉಳದದ. ಎರಡೆಳಿ ಕೆಲಸ ಉಲ್ಲನ್ ಭಾಳ ತಿಂತದ.

— ಇಲ್ಲಿ ಈ ಜಾತಿ ಉಲ್ಲನ್ ಸಿಗಲ್ಲ. ನಾನು ಶನಿವಾರ ಹೊರಡಬೇಕು.

— ಸಿಗೂದು ಬ್ಯಾಡ. ಕ್ರೋಶಾದ ಒಂದು ಗುಣ ಅಂದ್ರ, ಬಟ್ಟಿ ಕಡದ್ರ ಕಡದ ಹೋತು, ಇದು ಬಾಲಾ ಹಿಡದು ಎಳದ್ರ ಪೂರಾ ಮತ್ತ ದಾರ ಆಗ್ತದ. ಕಡೀ ಕುಣಿಕಿ ಒಂದು ಬಿಚ್ಚಿದ್ರ ಸಾಕು. ತಗೋ ಇತ್ತ ಆ ಹೂಕೋಸು.

— ಅಯ್ಯೋ ಬೇಡ ಮೌಶಿ, ಅದನ್ನ ನಾನು ಇಟ್ಕೊಳ್ಳೋಣ ಅಂತಿದ್ದೆ. ಗಣಿತ ಅದು!

— ಗಣಿತ ನಿನ್ನ ಕಿವಿ ಮುಚ್ಚೂದಿಲ್ಲ. ಎಳಿ ನೀ, ಸಾವಕಾಶ. ನಾ ಉಂಡಿ ಸುತ್ತತೇನಿ.